ವರ್ನಾ ಹವ್ಲಿಕ್ ಹಾಕಿದ ಮೀನಿನ ತೂತು

ಪ್ಲಮ್ ಕ್ರೀಕ್ ಊರಿನಲ್ಲಿ ಕೆಟ್ಟ ಸುದ್ದಿ ಹೇಳುವ ಅಧಿಕಾರ ಇಬ್ಬರಿಗಿತ್ತು. ಒಬ್ಬರು ಡಾಕ್ಟರು, ಇನ್ನೊಬ್ಬಳು ವರ್ನಾ ಹವ್ಲಿಕ್. ಡಾಕ್ಟರು ಕುರ್ಚಿ ಎಳೆದು ಕೂರಿಸಿ, ಹವಾಮಾನದ ಮಾತಾಡಿ, ಸುತ್ತಿ ಬಳಸಿ ವಿಷಯಕ್ಕೆ ಬರುತ್ತಿದ್ದರು. ವರ್ನಾಗೆ ಅಷ್ಟು ವ್ಯವಧಾನವಿರಲಿಲ್ಲ. "ಸತ್ತಿದೆ" ಅನ್ನುತ್ತಿದ್ದಳು. "ಮುಂದಿನವರು ಬನ್ನಿ."

ಅವಳು ಹೇಳುತ್ತಿದ್ದುದು ಮನುಷ್ಯರ ವಿಷಯವಲ್ಲ, ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳ ವಿಷಯ. ಆದರೆ ವಿಸ್ಕಾನ್ಸಿನ್ನಿನ ಆ ಮೂಲೆಯಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಒಂದು ದಿನ ಅತ್ತು ಮರುದಿನ ಅಟ್ಟ ಹತ್ತುತ್ತಿದ್ದರು. ಅಲ್ಲಿ ಬೂಟಿನ ಡಬ್ಬಿಯೊಂದರ ತಳದಲ್ಲಿ, ಅಜ್ಜಂದಿರ ಕಾಲಕ್ಕೆ ಸಿಗರೇಟಿನ ಪೊಟ್ಟಣದೊಳಗೆ ಬರುತ್ತಿದ್ದ ಬೆರಳುದ್ದದ ಕಾರ್ಡೊಂದು ಸಿಕ್ಕಿತೋ, ದುಃಖ ಮುಕ್ಕಾಲು ಪಾಲು ಇಳಿಯುತ್ತಿತ್ತು. ಇಳಿದ ದುಃಖವನ್ನು ಮತ್ತೆ ಏರಿಸುವ ಕೆಲಸ ವರ್ನಾಳದು.

ತಿಂಗಳ ಎರಡನೆಯ ಭಾನುವಾರ, ಚರ್ಚು ಬಿಟ್ಟ ಮೇಲೆ, ಬೆಂಕಿ ಆರಿಸುವ ಬಂಡಿಗಳೆರಡನ್ನೂ ಅಂಗಳಕ್ಕೆ ತಳ್ಳಿ, ಅವು ನಿಲ್ಲುವ ಶೆಡ್ಡಿನೊಳಗೆ ಮಡಚುವ ಮೇಜು ಹಾಕುತ್ತಿದ್ದರು. ಒಂದು ಕಡೆ ಕಾಫಿಯ ದೊಡ್ಡ ಪಾತ್ರೆ ಗೊರಗೊರ ಅನ್ನುತ್ತಿರುವುದು, ಇನ್ನೊಂದು ಕಡೆ ಹಂದಿಮಾಂಸದ ಸಾಸೇಜು ಸುಡುತ್ತಿರುವುದು. ನಡುವೆ ನಲವತ್ತು ಜನ ಗಂಡಸರು ಕಾರ್ಡು ಮಾರುತ್ತ, ಕೊಳ್ಳುತ್ತ, ಸುಳ್ಳು ಹೇಳುತ್ತ ಇರುವರು. ಮೂಲೆಯ ಮೇಜಿಗೆ ವರ್ನಾ ಒಬ್ಬಳೇ. ಅವಳು ಮಾರುವವಳೂ ಅಲ್ಲ, ಕೊಳ್ಳುವವಳೂ ಅಲ್ಲ. ಅವಳ ಮುಂದೆ ಯಾವಾಗಲೂ ಸಾಲು. ಗಂಡಸರು ಅವಳಿಗೆ ಇಟ್ಟಿದ್ದ ಹೆಸರು ಗುಣಿ ತೋಡುವವಳು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈ ವಿದ್ಯೆ ಅವಳಿಗೆ ಬಂದದ್ದು ಬಟಾಣಿಯಿಂದ. ಪಕ್ಕದೂರಿನಲ್ಲಿ ಬಟಾಣಿ ಡಬ್ಬಿಗೆ ಅಂಟಿಸುವ ಬಣ್ಣದ ಚೀಟಿ ಅಚ್ಚು ಹಾಕುವ ಕಾರ್ಖಾನೆ ಇತ್ತು. ಅಲ್ಲಿ ಮೂವತ್ತೆಂಟು ವರ್ಷ ಅವಳು ಅಚ್ಚಾಗಿ ಬಂದ ಹಾಳೆಗಳ ಮೇಲೆ ಹೆಬ್ಬೆರಳು ಆಡಿಸಿದ್ದಳು. ಹಸಿರು ಶಾಯಿ ಕೂದಲೆಳೆಯಷ್ಟು ಹೆಚ್ಚಾದರೂ ಬೆರಳಿಗೆ ತಿಳಿಯುತ್ತಿತ್ತು. ಹಳೆಯ ಕಾಲದ ಅಚ್ಚಿನಲ್ಲಿ ಆಟಗಾರನ ಹೆಸರು ಗಟ್ಟಿ ಶಾಯಿಯಲ್ಲಿ ಒಂದೇ ಏಟಿಗೆ ಬಿದ್ದಿರುತ್ತದೆ. ಅದನ್ನು ಫೋಟೋ ತೆಗೆದು ಮತ್ತೆ ಅಚ್ಚು ಮಾಡಿದರೆ ಅಕ್ಷರಗಳೂ ಸಾಸಿವೆಯಂಥ ಚುಕ್ಕಿಗಳಾಗಿ ಒಡೆಯುತ್ತವೆ. ಭೂತಗನ್ನಡಿ ಹಿಡಿದರೆ ಕಳ್ಳತನ ಬೆತ್ತಲೆ. ಇನ್ನು ಅಂಚಿಗೆ ಹೆಬ್ಬೆರಳು, ಕಿವಿಯ ಹತ್ತಿರ ಹಿಡಿದು ಒಂದು ಚಿಟಿಕೆ, ಕಡೆಗೆ ಮೂಗು.

"ಚಹಾ" ಎಂದಿದ್ದಳು ಒಮ್ಮೆ, ಕಂದು ಬಣ್ಣಕ್ಕೆ ತಿರುಗಿದ ಕಾರ್ಡನ್ನು ಮೂಗಿನಿಂದ ಇಳಿಸುತ್ತ.

"ಚಹಾ ಬೇಡ ವರ್ನಾ, ಈಗ ತಾನೇ ಕಾಫಿ ಆಯ್ತು" ಎಂದ ಕಾರ್ಡು ತಂದವನು.

"ನಿನ್ನ ಕಾರ್ಡು ಕುಡಿದಿದೆ ಅಂತ ಹೇಳಿದೆ. ಹಳೇದಾಗಿ ಕಾಣ್ಲಿ ಅಂತ ಯಾರೋ ಚಹಾದಲ್ಲಿ ಅದ್ದಿದಾರೆ. ಸಕ್ಕರೆ ಬೇರೆ ಹಾಕಿದಾರೆ. ಸತ್ತಿದೆ."

ಹೀಗೆ ಸತ್ತ ಕಾರ್ಡನ್ನು ಅವಳು ಹಾಗೇ ವಾಪಸು ಕೊಡುತ್ತಿರಲಿಲ್ಲ. ಅದು ಆ ಶೆಡ್ಡಿನ ಕಟ್ಟಳೆ. ನಕಲಿ ಎಂದು ಗೊತ್ತಾದ ಕಾರ್ಡು ನಾಳೆ ಇನ್ನೊಬ್ಬ ಅಮಾಯಕನ ಕೈಗೆ ಅಸಲಿ ಎಂದು ಹೋಗಬಾರದಲ್ಲ. ಅದಕ್ಕೆ ಒಂದು ಮೂಲೆಗೆ ತೂತು. ತೂತು ಹಾಕುವ ಇಕ್ಕಳ ವರ್ನಾಳ ಅಪ್ಪ ಆಂಟನ್‌ನದು. ಆತ ರೈಲಿನಲ್ಲಿ ಟಿಕೇಟು ತಪಾಸಣೆ ಮಾಡುತ್ತಿದ್ದವನು. ಆಗ ಒಬ್ಬೊಬ್ಬ ತಪಾಸಣೆಯವನಿಗೂ ಒಂದೊಂದು ಆಕಾರದ ತೂತು, ಯಾರು ಹಾಕಿದ್ದೆಂದು ತಿಳಿಯಲಿ ಅಂತ. ಆಂಟನ್‌ಗೆ ಬಂದದ್ದು ಪುಟ್ಟ ಮೀನು. ಬಾಲ, ಹೊಟ್ಟೆ, ಚೂಪು ಮೂತಿ, ಎಲ್ಲಾ ಇರುವ, ಕಾಳಿನಷ್ಟು ದೊಡ್ಡ ಮೀನು. ವರ್ನಾ ಕಟಕ್ ಎನ್ನಿಸಿದಳೆಂದರೆ ತಕರಾರು ಮುಗಿಯಿತು. "ವರ್ನಾ ಹೇಳಿದಾಳೆ" ಎಂಬ ಮಾತಿನ ಮೇಲೆ ಆ ಸೀಮೆಯಲ್ಲಿ ಇನ್ನೊಂದು ಮಾತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ತೀರ್ಪು ಹಿಂತೆಗೆದುಕೊಂಡದ್ದನ್ನು ಕಂಡವರಿಲ್ಲ.

ಎಡವಟ್ಟು ಶುರುವಾದದ್ದು ಒಂದು ಉಡುಗೊರೆಯಿಂದ. ೧೯೯೫ರಲ್ಲಿ ವರ್ನಾಗೆ ಅರವತ್ತೆಂಟು ತುಂಬಿದಾಗ ಗಂಡಸರೆಲ್ಲ ಸೇರಿ ಒಂದು ದೀಪ ತಂದುಕೊಟ್ಟರು. ಅದರ ಯಜಮಾನಿಕೆ ಲೈಲ್ ಪೆಲ್ಕಿಯದು. ಈ ಲೈಲ್ ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು, ವರ್ನಾಳ ವಾರಿಗೆಯವನು. ಅವನ ಕಾರ್ಡುಗಳಲ್ಲಿ ಐದಕ್ಕೆ ಮೀನು ಬಿದ್ದಿತ್ತು. ಆ ಸಿಟ್ಟನ್ನು ಸ್ನೇಹದ ಒಳಗಂಗಿಯಂತೆ ತೊಟ್ಟುಕೊಂಡೇ ಓಡಾಡುತ್ತಿದ್ದ.

"ಮೂಗು, ಹೆಬ್ಬೆರಳು, ಇವೆಲ್ಲಾ ನಾಟಿ ವೈದ್ಯ ವರ್ನಾ" ಎಂದ. "ಇದು ನೀಲಿ ದೀಪ. ಈಗಿನ ಕಾಗದಕ್ಕೆ ಬೆಳ್ಳಗೆ ಕಾಣ್ಲಿ ಅಂತ ಗಿರಣಿಯವರು ಒಂದು ಮದ್ದು ಹಾಕ್ತಾರೆ. ಕತ್ತಲಲ್ಲಿ ಈ ದೀಪ ಹಿಡಿದರೆ ಅದು ಪಳಪಳ ಅನ್ನುತ್ತೆ. ನಮ್ಮಜ್ಜನ ಕಾಲದ ಕಾಗದಕ್ಕೆ ಆ ಮದ್ದೇ ಇರಲಿಲ್ಲ. ಅದು ಕಲ್ಲಿನ ಹಾಗೆ ಸುಮ್ಮನಿರುತ್ತೆ. ಹೊಳೆದರೆ ನಕಲಿ. ಆಯ್ತು, ಕತೆ ಮುಗೀತು."

ಆ ದಿನ ಸಾಲಿನಲ್ಲಿ ಮೊದಲು ನಿಂತಿದ್ದವನು ಕ್ಲೇಟನ್ ಊಬರ್ಗ್. ಐವತ್ತೈದರ ಗೌಳಿ, ಅರವತ್ತು ಹಸುಗಳ ಒಡೆಯ, ಮಾತಿನಲ್ಲಿ ಬಲು ಬಡವ. ತೀರಿಹೋದ ಅವನ ಅಪ್ಪನಿಂದ ಬಂದ ಕಾರ್ಡು ತಂದಿದ್ದ. ಕೆಂಪು ಕೊಕ್ಕರೆ ಎಂಬ ಸಿಗರೇಟಿನ ಕಾರ್ಡು, ಚಿತ್ರದಲ್ಲಿ ಡಚ್ ಹೆಲ್ಮರ್ ಎಂಬ ಮೀಸೆಯ ಚೆಂಡೆಸೆತಗಾರ. ಕಾರ್ಡು ಸವೆದು, ಉಬ್ಬಿ, ಹೆಸರಿನ ಸಾಲು ಮಾಸಿಹೋಗಿತ್ತು. ಭೂತಗನ್ನಡಿಗೆ ಹೇಳಲು ಏನೂ ಉಳಿದಿರಲಿಲ್ಲ. ಮೂಗಿಗೆ ಸಾಬೂನಿನ ವಾಸನೆ. ಹೆಬ್ಬೆರಳು ಮಾತ್ರ, ಇದು ಅಸಲಿ ಕಣೇ, ಅಸಲಿ, ಎಂದು ಮಗುವಿನ ಹಾಗೆ ಸೆರಗು ಜಗ್ಗುತ್ತಿತ್ತು.

"ದೀಪ, ದೀಪ" ಎಂದು ಗಂಡಸರು ಕೂಗಿದರು. ಯಾರೋ ಶೆಡ್ಡಿನ ಬಾಗಿಲು ಎಳೆದು ಬೆಳಕು ಆರಿಸಿದರು. ವರ್ನಾ ನೀಲಿ ದೀಪ ಒತ್ತಿದಳು. ಡಚ್ ಹೆಲ್ಮರ್ ಮೀಸೆಯ ಸಮೇತ ಹುಣ್ಣಿಮೆಯ ಚಂದ್ರನ ಹಾಗೆ ಬೆಳಗಿದ. ಕತ್ತಲಲ್ಲಿ ನಲವತ್ತು ಜನ ಒಟ್ಟಿಗೆ "ಓಹೋ" ಎಂದರು. ಹೆಬ್ಬೆರಳಿನ ದೂರು ಯಾರಿಗೂ ಕೇಳಲಿಲ್ಲ. ಅಷ್ಟು ಜನರ ಉಡುಗೊರೆಯ ಮುಂದೆ ವರ್ನಾ ತಾನೂ ಕೇಳಿಸಿಕೊಳ್ಳಲಿಲ್ಲ.

"ಸತ್ತಿದೆ" ಎಂದಳು. ಕಟಕ್.

ಕ್ಲೇಟನ್ ಟೋಪಿ ಸರಿಮಾಡಿಕೊಂಡು, "ಸರಿ ಬಿಡಿ. ಹಾಲು ಕರೆಯೋ ಹೊತ್ತಾಯ್ತು" ಎಂದು ಹೊರಟುಹೋದ.

ಇದಾಗಿ ಮೂರು ವರ್ಷ ಕಳೆಯಿತು. ಆ ಮೂರು ವರ್ಷವೂ ಭೂತಗನ್ನಡಿ, ಮೂಗು, ಹೆಬ್ಬೆರಳು ಮೂರೂ ಸತ್ತಿದೆ ಎಂದು ಒಪ್ಪಿದ ಮೇಲೆಯೇ ವರ್ನಾ ದೀಪ ಹಚ್ಚಿದ್ದು, ಹೆಚ್ಚಾಗಿ ಲೈಲ್‌ನ ಸಮಾಧಾನಕ್ಕೆ. ಹೋಲಿಸಿ ನೋಡುವುದಕ್ಕೆಂದು ಅವಳ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಅಸಲಿ ಕೆಂಪು ಕೊಕ್ಕರೆ ಕಾರ್ಡು ಇರುತ್ತಿತ್ತು. ಅಪ್ಪನ ಜೇಬಿನಿಂದ ಅವಳೇ ಏಳನೆಯ ವಯಸ್ಸಿನಲ್ಲಿ ಕದ್ದದ್ದು. ಆದ್ದರಿಂದ ಅದರ ಅಸಲಿತನದ ಬಗ್ಗೆ ಅನುಮಾನವೇ ಇಲ್ಲ. ಏಪ್ರಿಲ್ಲಿನ ಒಂದು ಸೋಮವಾರ ಏಪ್ರನ್ನಿಗೆ ಸಾಸಿವೆ ಚೆಲ್ಲಿತೆಂದು ಸೋಪಿನ ಪುಡಿ ಹಾಕಿ ಬಕೆಟ್ಟಿನಲ್ಲಿ ನೆನೆಹಾಕಿದಳು. ಜೇಬು ನೋಡಲು ಮರೆತಳು. ಮರುದಿನ ಬೆಳಗ್ಗೆ ನೀರಿನಲ್ಲಿ ಕಾರ್ಡು ಸತ್ತ ಮೀನಿನಂತೆ ತೇಲುತ್ತಿತ್ತು. ಎತ್ತಿ ಒರೆಸಿ, ಒಲೆಯ ಮೇಲ್ಗಡೆ ಒಣಗಿಸಿದಳು. ಒಣಗಿದ ಮೇಲೆ ಎಷ್ಟು ಹಾಳಾಗಿದೆ ನೋಡೋಣವೆಂದು ಮೂಗಿಗೆ ಹಿಡಿದಳು. ಸಾಬೂನಿನ ವಾಸನೆ.

ಆ ವಾಸನೆಯನ್ನು ಹಿಂದೆ ಎಲ್ಲಿ ಮೂಸಿದ್ದೆ ಎಂದು ನೆನಪಾಗಲು ಅವಳಿಗೆ ಮೂರು ಉಸಿರು ಸಾಕಾಯಿತು. ಕಿಟಕಿಗೆ ಕಂಬಳಿ ಇಳಿಬಿಟ್ಟು ನೀಲಿ ದೀಪ ಒತ್ತಿದಳು. ಅಪ್ಪನ ಜೇಬಿನಿಂದ ತಾನೇ ಕದ್ದ ಕಾರ್ಡು ಅಡುಗೆಮನೆಯ ಕತ್ತಲಲ್ಲಿ ಹುಣ್ಣಿಮೆಯಾಯಿತು.

ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಹಾಕುವ ಮದ್ದೂ ಕಾಗದ ಬೆಳ್ಳಗೆ ಕಾಣಲೆಂದು ಗಿರಣಿಯವರು ಹಾಕುವ ಮದ್ದೂ ಒಂದೇ ತಾಯಿಯ ಮಕ್ಕಳು. ಇದು ಲೈಲ್‌ನ ವಿಜ್ಞಾನಕ್ಕೆ ಹೊಳೆದಿರಲಿಲ್ಲ, ಯಾಕೆಂದರೆ ಲೈಲ್ ಜನ್ಮದಲ್ಲಿ ಬಟ್ಟೆ ಒಗೆದವನಲ್ಲ. ತನಗೆ ಹೊಳೆಯದ್ದಕ್ಕೆ ವರ್ನಾಳ ಹತ್ತಿರ ಅಂಥ ಸಬೂಬೂ ಇರಲಿಲ್ಲ. ಕುರ್ಚಿ ಎಳೆದು ಕೂತಳು. ಜೀವಂತ ಇದ್ದದ್ದಕ್ಕೆ ಗುಣಿ ತೋಡಿದ್ದಳು.

ಹತ್ತು ಗಂಟೆಗೆ ಅವಳ ಹಳೆಯ ಕಾರು ಊಬರ್ಗ್ ಮನೆಯ ಮುಂದೆ ನಿಂತಿತು. ಕ್ಲೇಟನ್ ಕೊಟ್ಟಿಗೆ ತೊಳೆಯುತ್ತಿದ್ದ, ಅವನ ಹೆಂಡತಿ ಆರ್ಡಿತ್ ಕರುಗಳಿಗೆ ಬಾಟಲಿ ಹಿಡಿದಿದ್ದಳು.

"ನಿನ್ನ ಡಚ್ ಹೆಲ್ಮರ್ ಎಲ್ಲಿ?" ಎಂದಳು ವರ್ನಾ, ನಮಸ್ಕಾರ ಚಮತ್ಕಾರ ಏನೂ ಇಲ್ಲದೆ.

ಕ್ಲೇಟನ್ ಗೋಡೆಯ ಕಡೆ ತೋರಿಸಿದ. ಮೊಳೆಗೆ ಹಾಲಿನ ಕೋಣೆಯ ಬೀಗದ ಕೈ ನೇತಾಡುತ್ತಿತ್ತು. ಬೀಗದ ಕೈಗೆ ದಾರ, ದಾರದ ತುದಿಯಲ್ಲಿ ಡಚ್ ಹೆಲ್ಮರ್. "ತೂತು ಇತ್ತಲ್ಲ, ಸುಮ್ಮನೆ ಯಾಕೆ ಹಾಳು ಮಾಡೋದು ಅಂತ ಕಟ್ಟಿದೆ" ಎಂದ. "ಬೀಗದ ಕೈ ಕಳೆಯೋದು ನಿಂತುಹೋಯ್ತು. ಒಂದ್ಸಲ ಹಸು ನೆಕ್ಕಿತ್ತು."

"ಅದು ಅಸಲಿ."

ಕ್ಲೇಟನ್‌ನ ಕೈಯಲ್ಲಿದ್ದ ಕೊಳವೆಯ ನೀರು ಅವನ ಬೂಟಿನೊಳಕ್ಕೇ ಹೋಗುತ್ತಿತ್ತು. ಅವನು ನೋಡಲಿಲ್ಲ. ವರ್ನಾ ಬಕೆಟ್ಟು, ಏಪ್ರನ್ನು, ದೀಪ, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಆರ್ಡಿತ್‌ಳ ಮುಖ ಕರುವಿನ ಹಿಂದೆ ಮರೆಯಾಗಿತ್ತು.

"ಆರ್ಡಿತ್" ಎಂದ ಕ್ಲೇಟನ್.

"ಮಾವನ ಕೆಲಸದ ಬಟ್ಟೆ ನೆನೆಹಾಕಿದ್ದೆ" ಎಂದಳು ಅವಳು ಅಲ್ಲಿಂದಲೇ. "ರಾತ್ರಿಯೆಲ್ಲಾ ನೆಂದಿತ್ತು. ಬೆಳಗ್ಗೆ ನೋಡಿದರೆ ಜೇಬಲ್ಲಿ ಇದು. ಒಣಗಿಸಿ ಅವರ ಕಾರ್ಡಿನ ಡಬ್ಬಿಗೆ ವಾಪಸ್ ಇಟ್ಟೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಮೂರು ವರ್ಷ."

"ನೀವೂ ಹಸು ನೆಕ್ಕಿದ್ದು ನನಗೆ ಹೇಳಿರಲಿಲ್ಲ."

ಮುಂದಿನ ಭಾನುವಾರವೇ ಶೆಡ್ಡಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತೇನೆಂದಳು ವರ್ನಾ. ಕ್ಲೇಟನ್ ಬೇಡವೆಂದ. ಮೊದಲು ದರ್ಜೆ ಕೊಡುವ ಕಂಪನಿಗೆ ಕಳಿಸೋಣ, ಅವರೂ ಅಸಲಿ ಎನ್ನಲಿ, ಆಮೇಲೆ ಹೇಳುವಿರಂತೆ ಎಂದ. ದೂರದ ಊರಿನಲ್ಲಿ ಅಂಥದೊಂದು ಕಂಪನಿ ಇತ್ತು. ಕಾರ್ಡು ಕಳಿಸಿದರೆ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ಮೇಲೆ ಚೀಟಿ ಅಂಟಿಸಿ ಕಳಿಸುತ್ತಿದ್ದರು. ವರ್ನಾಗೆ ಅಂಥ ಡಬ್ಬಿಗಳೆಂದರೆ ಆಗುತ್ತಿರಲಿಲ್ಲ. ಮೂಸಲಾಗದ್ದನ್ನು ನಂಬುವುದು ಹೇಗೆ? ಆದರೆ ಈಗ ಬೇಡ ಎನ್ನುವ ಮುಖ ಅವಳಿಗಿರಲಿಲ್ಲ. ತಾನೇ ದಾರ ಬಿಚ್ಚಿ, ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿದಳು.

ನಾಲ್ಕು ತಿಂಗಳಾದ ಮೇಲೆ ಕ್ಲೇಟನ್‌ನ ಫೋನು ಬಂತು.

"ಅಸಲಿ ಅಂದಿದಾರೆ ವರ್ನಾ."

"ಗೊತ್ತು. ಅಂಕ ಎಷ್ಟು?"

"ಹತ್ತಕ್ಕೆ ಒಂದು. ಆದರೆ..." ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಮುಂದೆ ಆಡಿದಷ್ಟು ಮಾತು ಅವನು ಒಟ್ಟಿಗೆ ಆಡಿದ್ದು ಅದೇ ಮೊದಲು. "ಆ ತೂತು ಇದೆಯಲ್ಲ, ಅದು ಕಾರ್ಖಾನೆಯಲ್ಲೇ ಹಾಕಿದ್ದಂತೆ. ಕೆಂಪು ಕೊಕ್ಕರೆ ಕಂಪನಿಯವರು ತಂಬಾಕಿನ ಚೀಲಕ್ಕೆ ದಾರದಲ್ಲಿ ಕಟ್ಟಿ ಮಾರೋದಕ್ಕೆ ಅಂತ. ಕೊಕ್ಕರೆ ಮೀನು ತಿನ್ನುತ್ತಲ್ಲ, ಅದಕ್ಕೇ ಮೀನಿನ ಆಕಾರ ಅಂತ ಬರೆದಿದಾರೆ. ತೂತಿನ ಒಳ ಅಂಚು ಕಂದಾಗಿ ಸವೆದಿದೆ, ತೊಂಬತ್ತು ವರ್ಷದ ಸವೆತ ಅಂತೆ. ಇಂಥದು ಲೋಕದಲ್ಲಿ ಇದೊಂದೇ ಅಂತೆ."

ವರ್ನಾ ಫೋನು ಕೆಳಗಿಟ್ಟಳು. ಮೂರು ವರ್ಷ ಹಾಲಿನ ಕೋಣೆಯ ಬೀಗದ ಕೈ ಎಳೆದ ದಾರ, ಸೆಗಣಿ ಕೈ, ಹಸುವಿನ ನಾಲಿಗೆ, ಇವೆಲ್ಲ ಸೇರಿ ಕಂಪನಿಯ ಪರಿಣತರ ಕಣ್ಣಿಗೆ ತೊಂಬತ್ತು ವರ್ಷವಾಗಿತ್ತು.

ಕಾರ್ಡು ಸಂಗ್ರಾಹಕರ ಪತ್ರಿಕೆಯಲ್ಲಿ ಈ ಸುದ್ದಿ ಚಿತ್ರದ ಸಮೇತ ಬಂತು. ಪ್ಲಮ್ ಕ್ರೀಕ್‌ನ ಗಂಡಸರು ಅದನ್ನು ನೋಡಿ ಮೊದಲು ತಮ್ಮ ತಮ್ಮ ಜೇಬು ಮುಟ್ಟಿಕೊಂಡರು, ಆಮೇಲೆ ನಗಲು ಶುರುಮಾಡಿದರು. ಲೈಲ್ ಪೆಲ್ಕಿ ವರ್ನಾಳ ಮನೆಗೇ ಬಂದ.

"ನನ್ನ ಹತ್ತಿರ ಅಂಥವು ಐದಿವೆ" ಎಂದ. "ಐದೂ ಕಾರ್ಖಾನೆಯಲ್ಲೇ ತೂತಾದವು. ಆ ಕಾರ್ಖಾನೆಗೆ ಮೊಣಕಾಲು ನೋವು, ಬಾಯಿ ಜೋರು."

"ಹೋಗು ಲೈಲ್."

"ಅಂದರೆ ನೀನು ಅವತ್ತು ತಪ್ಪು ಹೇಳಿದ್ದೆ. ಅಸಲಿಗೆ ತೂತು ಹಾಕಿದ್ದೆ."

"ನಿನ್ನ ದೀಪ ತಪ್ಪು ಹೇಳ್ತು."

"ದೀಪಕ್ಕೆ ಬಾಯಿಲ್ಲ. ಸತ್ತಿದೆ ಅಂದಿದ್ದು ನೀನು."

ವರ್ನಾ ಎದ್ದು ಬಾಗಿಲು ತೆರೆದು ಹಿಡಿದಳು. ಅವನ ಮಾತು ನಿಜವಾಗಿತ್ತು.

ಶಿಕಾಗೋದಿಂದ ಪ್ರೆಸ್ಕಟ್ ಎಂಬ ದೊಡ್ಡ ಸಂಗ್ರಾಹಕ ಸೆಪ್ಟೆಂಬರಿನ ಭಾನುವಾರಕ್ಕೆ ಬರುವುದೆಂದಾಯಿತು. ಒಂಬತ್ತು ಸಾವಿರ ಡಾಲರು ಕೊಡುತ್ತಾನಂತೆ. ಹಿಂದಿನ ದಿನ ಕ್ಲೇಟನ್ ವರ್ನಾಳ ಮನೆಗೆ ಬಂದ. ಒಳಗೆ ಬಾ ಎಂದರೂ ಮೆಟ್ಟಿಲ ಮೇಲೇ ನಿಂತ.

"ಮೂವತ್ತೊಂದು ವರ್ಷ ಆಯ್ತು ಮದುವೆಯಾಗಿ" ಎಂದ. "ಎರಡು ರಾತ್ರಿ ಒಟ್ಟಿಗೆ ಮನೆ ಬಿಟ್ಟು ಮಲಗಿದ್ದಿಲ್ಲ. ಹಸುಗಳಿಗೆ ಭಾನುವಾರ ಇಲ್ಲ. ಆರ್ಡಿತ್‌ಗೆ ಸಮುದ್ರ ನೋಡಬೇಕು ಅಂತ ಆಸೆ. ಆ ದುಡ್ಡು ಬಂದರೆ ಒಂದು ತಿಂಗಳಿಗೆ ಆಳು ಇಟ್ಟು ಹೋಗಬಹುದು. ನೀವು ಸುಳ್ಳು ಹೇಳೋದು ಬೇಡ ವರ್ನಾ. ಸುಮ್ಮನಿದ್ದರೆ ಸಾಕು. ಅಷ್ಟೇ."

"ಅವನು ನನ್ನನ್ನ ಕೇಳಿದರೆ?"

"ಕೆಮ್ಮಿ."

ಅವನು ಹೋದ ಮೇಲೆ ವರ್ನಾ ಬಹಳ ಹೊತ್ತು ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಮ್ಮನಿದ್ದರೆ ಆರ್ಡಿತ್‌ಗೆ ಸಮುದ್ರ. ಜತೆಗೆ ತನ್ನ ತಪ್ಪು ತಪ್ಪೇ ಅಲ್ಲವೆಂದಾಗುತ್ತದೆ. ಊರ ಗಂಡಸರ ಗೇಲಿಯೂ ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ. ಎಷ್ಟು ಅನುಕೂಲ. ಆದರೆ ನಕಲಿಯನ್ನು ಅಸಲಿ ಎಂದು ಕೈ ದಾಟಿಸಬಾರದು ಎಂದೇ ಅಲ್ಲವೇ ಈ ಇಕ್ಕಳ ಹಿಡಿದದ್ದು? ಇಲ್ಲಿ ಕಾರ್ಡು ಅಸಲಿ. ತೂತು ನಕಲಿ. ಅದನ್ನು ಸಾಗಹಾಕಿದ ಮೇಲೆ ಇನ್ನೊಬ್ಬರ ಕಾರ್ಡಿಗೆ ಸತ್ತಿದೆ ಎನ್ನಲು ತನಗೆ ಯಾವ ಬಾಯಿ ಇರುತ್ತದೆ?

ಭಾನುವಾರ ಶೆಡ್ಡಿನಲ್ಲಿ ಎಂದೂ ಇಲ್ಲದ ಜನ. ಪ್ರೆಸ್ಕಟ್ ತೆಳುವಾದ ಮನುಷ್ಯ, ಅದಕ್ಕಿಂತ ತೆಳುವಾದ ಕನ್ನಡಕ. ಡಬ್ಬಿಯೊಳಗಿನ ಡಚ್ ಹೆಲ್ಮರನನ್ನು ಬೆಳಕಿಗೆ ಹಿಡಿದು, "ಎಂಥ ಮೀನು" ಎಂದ. "ಈ ಬಾಲ ನೋಡಿ. ಈಗಿನವರಿಗೆ ಇಂಥ ಕುಸುರಿ ಎಲ್ಲಿ ಬರುತ್ತೆ?"

ಒಬ್ಬ ಕಾಫಿಯ ಲೋಟದೊಳಗೆ ಮುಖ ಇಟ್ಟ. ಇನ್ನೊಬ್ಬ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ, ಅವನ ಬೂಟಿಗೆ ದಾರವೇ ಇರಲಿಲ್ಲ. ಲೈಲ್ ಪೆಲ್ಕಿ ಮಾತ್ರ ಎದೆಯ ಮೇಲೆ ಕೈಕಟ್ಟಿ ವರ್ನಾಳನ್ನೇ ನೋಡುತ್ತ ನಿಂತಿದ್ದ.

ಪ್ರೆಸ್ಕಟ್ ಚೆಕ್ಕಿನ ಪುಸ್ತಕ ತೆಗೆದ. ತೆಗೆದವನು ಬರೆದು ಹೋಗಬಾರದೇ? "ಇಲ್ಲಿ ಒಬ್ಬರು ಹಿರಿಯರು ಇದಾರಂತೆ, ಬೆರಳಲ್ಲೇ ಕಾರ್ಡು ಓದ್ತಾರಂತೆ" ಎಂದು ಸುತ್ತ ನೋಡಿ, ಮೂಲೆಯ ಮೇಜಿಗೆ ಬಂದ. "ನೀವೇ ಇರಬೇಕು ಅಮ್ಮಾ. ಕಂಪನಿ ಏನೋ ಹೇಳಿದೆ. ಆದರೂ ನಿಮ್ಮ ಬಾಯಿಂದ ಒಂದು ಮಾತು ಕೇಳಿದರೆ ನನಗೊಂದು ಸಂತೋಷ. ಏನಂತೀರಿ?"

ಕ್ಲೇಟನ್ ನೆಲ ನೋಡುತ್ತಿದ್ದ. ಆರ್ಡಿತ್ ಹೊಸ ಕೋಟು ಹಾಕಿಕೊಂಡು ಬಂದಿದ್ದಳು.

ವರ್ನಾ ಕೆಮ್ಮಿದಳು. ನಿಜವಾಗಿಯೂ ಕೆಮ್ಮಿದಳು, ಒಂದಲ್ಲ ಎರಡು ಸಲ. ಕೆಮ್ಮು ಮುಗಿಯಿತು. ಪ್ರೆಸ್ಕಟ್ ಇನ್ನೂ ಅಲ್ಲೇ ನಿಂತಿದ್ದ.

"ನಿಮ್ಮ ಹೆಸರಿನ ಚೀಟಿ ಇದೆಯಾ?" ಎಂದಳು.

ಅವನು ತನ್ನ ಹೆಸರು, ವಿಳಾಸ ಅಚ್ಚಾಗಿದ್ದ ಚೀಟಿ ಕೊಟ್ಟ. ವರ್ನಾ ಏಪ್ರನ್ನಿನಿಂದ ಇಕ್ಕಳ ತೆಗೆದು ಅದರ ಮೂಲೆ ಹಿಡಿದಳು. ಕಟಕ್. ಚೀಟಿಯನ್ನು ಡಬ್ಬಿಯ ಪಕ್ಕದಲ್ಲಿಟ್ಟಳು. ಎರಡು ಮೀನು, ಅಕ್ಕಪಕ್ಕ, ಒಂದೇ ಬಾಲ.

"ಕಾರ್ಡು ಅಸಲಿ" ಎಂದಳು. "ತೂತು ನಂದು. ಮೂರು ವರ್ಷದ ಹಿಂದೆ, ಇದೇ ಮೇಜಿನ ಮೇಲೆ, ಇಷ್ಟೂ ಜನರ ಮುಂದೆ ಹಾಕಿದೆ. ಹೆಬ್ಬೆರಳು ಬೇಡ ಅಂತಿತ್ತು, ನಾನು ಕೇಳಲಿಲ್ಲ. ತಪ್ಪು ಮಾಡಿದೆ."

ಆ ಕಡೆಯ ಎರಡು ಪದಗಳನ್ನು ವರ್ನಾಳ ಬಾಯಲ್ಲಿ ಕೇಳಿ, ಸಾಸೇಜು ಸುಡುತ್ತಿದ್ದವನು ಚಿಮಟವನ್ನು ಕೆಳಗೆ ಬೀಳಿಸಿದ.

ಪ್ರೆಸ್ಕಟ್ ಎರಡು ಮೀನನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಅವನು ಆಡಿದ ಮಾತು ವರ್ನಾ ಎಣಿಸಿದ ಹಾಗಿರಲಿಲ್ಲ. "ಇರಲಿ ಬಿಡಿ. ನಾನು ತಗೋತೀನಿ."

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಅಮ್ಮಾ. ಆದರೆ ಡಬ್ಬಿ ಮೇಲೆ ಚೀಟಿ ಇದೆ. ನಾಳೆ ನಾನು ಮಾರುವಾಗ ಕೊಳ್ಳೋನು ಚೀಟಿ ಓದ್ತಾನೆ, ನಿಮ್ಮನ್ನ ಕೇಳೋದಿಲ್ಲ. ಜನ ಕಾರ್ಡು ಕೊಳ್ಳೋದು ನಿಂತು ಎಷ್ಟೋ ಕಾಲವಾಯ್ತು. ಈಗ ಕೊಳ್ಳೋದು ಚೀಟಿನ." ಅವನು ಕ್ಲೇಟನ್‌ನತ್ತ ತಿರುಗಿದ. "ಬೆಲೆ ಅದೇ. ಒಂಬತ್ತು."

ಶೆಡ್ಡಿನ ತಲೆಗಳೆಲ್ಲ ಕ್ಲೇಟನ್‌ನ ಕಡೆ ಹೊರಳಿದವು. ಅವನು ಬಾಯಿ ತೆರೆದ. ಮುಚ್ಚಿದ. ಹೆಂಡತಿಯ ಮುಖ ನೋಡಿದ. ಆರ್ಡಿತ್ ಹೊಸ ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಇದ್ದಳು.

"ನೆನೆಹಾಕಿದ್ದು ನಾನು" ಎಂದಳು ನಿಧಾನವಾಗಿ. "ತೂತು ಹಾಕಿದ್ದು ವರ್ನಾ. ಬೀಗದ ಕೈಗೆ ಕಟ್ಟಿದ್ದು ಇವರು. ಈ ಮೂರು ಜನರಲ್ಲಿ ಕಾರ್ಖಾನೆ ಯಾರೂ ಅಲ್ಲ ಸ್ವಾಮಿ. ಮುಂದೆ ಯಾರೋ ಪಾಪದವನು ಇದನ್ನ ಕೊಂಡು, ಮನೆ ಗೋಡೆಗೆ ಹಾಕಿ, ಬಂದವರಿಗೆಲ್ಲಾ ಕೊಕ್ಕರೆ, ಮೀನು ಅಂತ ಕತೆ ಹೇಳ್ತಾನೆ. ನಾನು ಸಮುದ್ರದ ಮುಂದೆ ಕೂತು ಅವನನ್ನ ನೆನೆಸಿಕೊಂಡು ನಗಬೇಕಾಗುತ್ತೆ. ನನಗೆ ಅಷ್ಟು ಹೊತ್ತು ನಗೋಕೆ ಆಗಲ್ಲ."

"ಮಾರಲ್ಲ" ಎಂದ ಕ್ಲೇಟನ್. ಅವನ ಆ ದಿನದ ಭಾಷಣ ಅಷ್ಟೇ.

ಪ್ರೆಸ್ಕಟ್ ತನ್ನ ತೂತು ಬಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಒಂದು ಸಾಸೇಜು ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದ.

ಅವನ ಕಾರು ತಿರುವು ದಾಟಿತೋ ಇಲ್ಲವೋ, ಶೆಡ್ಡಿನಲ್ಲಿ ಇನ್ನೊಂದು ಗದ್ದಲ ಶುರುವಾಯಿತು. ವರ್ನಾ ಒಂದು ಸಲ ತಪ್ಪಿದ್ದಾಳೆ ಎಂದರೆ ನಮ್ಮದರಲ್ಲೂ ತಪ್ಪಿರಬಾರದೇಕೆ? ಮೀನು ಬಿದ್ದ ಕಾರ್ಡುಗಳು ಜೇಬಿನಿಂದ, ಪರ್ಸಿನಿಂದ, ಟೋಪಿಯೊಳಗಿಂದ ಹೊರಬಂದವು. ಮನೆ ಹತ್ತಿರ ಇದ್ದವರು ಓಡಿಹೋಗಿ ತಂದರು.

"ನನ್ನ ಹೆಂಡತಿ ಬಹಳ ಶುದ್ಧ ವರ್ನಾ, ಎಲ್ಲಾನೂ ಒಗೀತಾಳೆ" ಎಂದ ಒಬ್ಬ.

"ನಿನ್ನ ಹೆಂಡತಿ ಬಿಟ್ಟುಹೋಗಿ ಹನ್ನೊಂದು ವರ್ಷವಾಯ್ತು. ಈ ಕಾರ್ಡು ಅಚ್ಚಾಗಿ ಎಂಟು ವರ್ಷ."

ಆದರೂ ಅವಳು ಯಾರನ್ನೂ ಬೈದು ಕಳಿಸಲಿಲ್ಲ. ಸಂಜೆಯವರೆಗೆ ಕೂತು ಐವತ್ತಮೂರು ಕಾರ್ಡುಗಳನ್ನು ಮತ್ತೆ ಮೂಸಿದಳು, ಮತ್ತೆ ಚಿಟಿಕೆ ಹೊಡೆದಳು, ಭೂತಗನ್ನಡಿಯನ್ನು ಅವರವರ ಕೈಗೇ ಕೊಟ್ಟು ಚುಕ್ಕಿ ತೋರಿಸಿದಳು. ಐವತ್ತಮೂರೂ ಸತ್ತಿದ್ದವು. ಜನರಿಗೆ ಬೇಜಾರೂ ಆಯಿತು, ಯಾಕೋ ಸಮಾಧಾನವೂ ಆಯಿತು. ಲೈಲ್ ತನ್ನ ಐದನ್ನೂ ಕಡೆಗೆ ತಂದ. ಚುಕ್ಕಿಗಳನ್ನು ತಾನೇ ನೋಡಿದ. "ಹೂಂ" ಎಂದ, ಮೂವತ್ತು ವರ್ಷ ಶಾಲೆಯಲ್ಲಿ ಹುಡುಗರ ಬಾಯಿಂದ ಕೇಳಿದ್ದ ಅದೇ ಹೂಂ.

ಊಬರ್ಗ್ ದಂಪತಿಗಳ ಪ್ರಯಾಣವನ್ನು ಶೆಡ್ಡಿನವರು ಹಾಗೇ ಬಿಡಲಿಲ್ಲ. ಅಕ್ಟೋಬರಿನಲ್ಲಿ ಆರು ದಿನ ಸರದಿಯ ಮೇಲೆ ಹಾಲು ಕರೆಯುತ್ತೇವೆಂದರು. ವರ್ನಾ ಕರುಗಳ ಬಾಟಲಿ ವಹಿಸಿಕೊಂಡಳು. ಲೈಲ್ ಮೊದಲ ದಿನವೇ ಹಸುವಿಗೆ ಯಂತ್ರದ ಸಿದ್ಧಾಂತ ವಿವರಿಸಲು ಹೋಗಿ ಒದೆ ತಿಂದು, ಉಳಿದ ಐದು ದಿನ ನಿಂತುಕೊಂಡೇ ಊಟ ಮಾಡಿದ. ಆರ್ಡಿತ್ ಸಮುದ್ರದಿಂದ ಅಂಚೆ ಕಾರ್ಡು ಬರೆದಳು: ನೀರು ಬಹಳ ಇದೆ, ಇವರು ಬೆಳಗ್ಗೆ ನಾಲ್ಕಕ್ಕೇ ಎದ್ದು ಅದರ ಮುಂದೆ ನಿಲ್ಲುತ್ತಾರೆ, ಕರೆಯಲು ಏನೂ ಇಲ್ಲ.

ವರ್ನಾ ದರ್ಜೆ ಕಂಪನಿಗೂ ಒಂದು ಪತ್ರ ಬರೆದಿದ್ದಳು. ಇಕ್ಕಳದ ತೂತು ಹಾಕಿದ ನಾಲ್ಕು ಹಾಳೆ ಜತೆಗಿಟ್ಟು, ನಿಮ್ಮ ಚೀಟಿ ತಪ್ಪು, ದಯವಿಟ್ಟು ಸರಿಮಾಡಿ ಎಂದು ಕೇಳಿದ್ದಳು. ಉತ್ತರ ನವೆಂಬರಿನಲ್ಲಿ ಬಂತು. ಅದನ್ನು ಶೆಡ್ಡಿಗೆ ತಂದು, ಕಾಫಿಯ ಹೊತ್ತಿಗೆ ಗಟ್ಟಿಯಾಗಿ ಓದಿದಳು.

"'ನಮ್ಮ ಪರಿಣತರು ದೀರ್ಘ ಅನುಭವವುಳ್ಳವರು. ಒಮ್ಮೆ ನೀಡಿದ ತೀರ್ಪನ್ನು ನಾವು ಮರುಪರಿಶೀಲಿಸುವುದಿಲ್ಲ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ.'"

ಕಾಗದ ಮಡಚಿದಳು. ಮತ್ತೆ ಬಿಚ್ಚಿ ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಅವಳ ಕಿವಿ ಕೆಂಪಾಗುತ್ತ ಬಂತು.

"ಲೈಲ್" ಎಂದಳು, "ಇಪ್ಪತ್ತಾರು ವರ್ಷ ನಾನೂ ಹೀಗೇ ಮಾತಾಡ್ತಿದ್ದೆನಾ?"

ಲೈಲ್ ಪೆಲ್ಕಿ ಅವಳ ಲೋಟಕ್ಕೆ ಕಾಫಿ ಬಗ್ಗಿಸಿದ. ಸ್ವಲ್ಪ ಯೋಚಿಸಿದ.

"ಇಲ್ಲ ವರ್ನಾ" ಎಂದ. "ಇವರು ಧನ್ಯವಾದ ಅಂತ ಹೇಳಿದಾರೆ."